ಅನಾಥಾಲಯದ ಹಳೆಯ ಚಾಪೆಲ್‌ನ ಮಾಡಿಗೆ ನಿಮ್ಮ ಪಾಲಿನ ಒಂದು ಚದರ

ಮಾನ್ಯರೇ,

ದಕ್ಷಿಣ ಕನ್ನಡದ ನಮ್ಮ ಕ್ರೈಸ್ತ ಸಭೆಯ ಅಂಗಳದಲ್ಲಿರುವ ಹಳೆಯ ಚಾಪೆಲ್‌ನ ಮಾಡನ್ನು (ಹಂಚಿನ ಚಾವಣಿಯನ್ನು) ಬರುವ ಬೇಸಗೆಯಲ್ಲಿ ಪೂರ್ತಿ ಇಳಿಸಿ ಮತ್ತೆ ಹೊದಿಸಬೇಕಾಗಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಬಂದ ಬಾಸೆಲ್ ಮಿಷನ್ ಕಾಲದಲ್ಲಿ ಅನಾಥಾಲಯದ ಮಕ್ಕಳ ಆರಾಧನೆಗೆಂದು ಕಟ್ಟಿಸಿದ ಕಟ್ಟಡವಿದು. ಅನಾಥಾಲಯ ಮುಚ್ಚಿ ಬಹಳ ಕಾಲವಾಯಿತು. ಮಕ್ಕಳು ಮಲಗುತ್ತಿದ್ದ ಉದ್ದನೆಯ ಕೊಠಡಿಯಾಗಲೀ ಊಟದ ಮನೆಯಾಗಲೀ ಈಗ ಇಲ್ಲ. ಅವರೆಲ್ಲ ಇಲ್ಲಿ ಇದ್ದರು ಎಂಬುದಕ್ಕೆ ಉಳಿದಿರುವ ಗೋಡೆಗಳು ಈ ಚಾಪೆಲಿನವು ಮಾತ್ರ.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಮುದ್ರಣಾಲಯ, 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾದವು. ಕನ್ನಡನಾಡಿನ ಮಿಷನ್ ಅನಾಥಾಲಯಗಳು, ಅದರಲ್ಲೂ ಘಟ್ಟದ ಮೇಲಿನವು, ತುಂಬಿ ತುಳುಕಿದ್ದು 1876–78ರ ಮಹಾ ಬರಗಾಲದಲ್ಲಿ. ಅಲ್ಲಿ ಸೇರಿದ ಮಕ್ಕಳಿಗೆ ಓದಿನ ಜೊತೆ ನೇಯ್ಗೆ, ಬಡಗಿ ಕೆಲಸದಂಥ ಕಸುಬನ್ನೂ ಕಲಿಸುವುದು ಮಿಷನ್ನಿನ ಕ್ರಮವಾಗಿತ್ತು. ಚಾಪೆಲ್‌ಗಳನ್ನು ಕಟ್ಟಿಸಿದವರ ಹೆಸರು ದಾಖಲೆಗಳಲ್ಲಿ ಸಿಗುತ್ತದೆ. ಅವುಗಳಲ್ಲಿ ಕೂತು ಹಾಡಿದ ಮಕ್ಕಳ ಹೆಸರು ಎಲ್ಲಿಯೂ ಕಲ್ಲಿನಲ್ಲಿ ಕೆತ್ತಿಲ್ಲ.

ಹಣ ಕಳುಹಿಸುವ ಮೊದಲು, ಸಾಧ್ಯವಾದರೆ, ಒಮ್ಮೆ ಬಂದು ನೋಡಿ. ಭಾನುವಾರದ ಆರಾಧನೆ ಮುಗಿದ ಮೇಲೆ ಮಧ್ಯಾಹ್ನದವರೆಗೆ ಬಾಗಿಲು ತೆರೆದಿರುತ್ತದೆ. ಮಳೆಗಾಲದಲ್ಲಿ ಬಂದರಂತೂ ನಾವು ಏನನ್ನೂ ವಿವರಿಸಬೇಕಾಗಿಲ್ಲ. ಒಳಗೆ ಎಂಟು ಬಾಲ್ದಿಗಳು ಎಲ್ಲೆಲ್ಲಿ ಕೂತಿವೆ ಎಂದು ನೋಡಿದರೆ ಮಾಡಿನ ಗತಿ ತಿಳಿಯುತ್ತದೆ.

ಒಳಗೆ ಹೋಗುವ ಮುನ್ನ ಹೊರಗೆ ಒಂದು ಸುತ್ತು ಬನ್ನಿ. ಹಿಂಬದಿಯಲ್ಲಿ ಇಳಿಸಿ ಪೇರಿಸಿಟ್ಟ ಹಂಚುಗಳಿವೆ, ಒಂದನ್ನು ತಿರುವಿ ಹಾಕಿ. ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಎಂಬ ಅಚ್ಚು ಕಾಣುತ್ತದೆ. ಹಂಚು 1865ರದ್ದೇ ಎಂದು ಬಂದವರೆಲ್ಲ ತಿಳಿಯುತ್ತಾರೆ. ಹಾಗಲ್ಲ, ಅದು ಕಾರ್ಖಾನೆ ಶುರುವಾದ ವರ್ಷ, ಮುಂದೆ ಬಹಳ ಕಾಲ ಅದೇ ಅಚ್ಚು ಹೊಡೆಯುತ್ತಿದ್ದರು. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಹೊರಗೆ ಕಳಿಸಿ, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು. ಆಮೇಲಿನ ಹಂಚಿನ ಮೇಲೆ ಆ ಹೆಸರು ಬಂತು. ನಮ್ಮ ಮಾಡಿನಲ್ಲಿ ಎರಡೂ ಅಚ್ಚುಗಳಿವೆ, ಅಲ್ಲಲ್ಲಿ ಬೇರೆ ಕಾರ್ಖಾನೆಯವೂ ಸೇರಿವೆ. ಸೋರುವುದಕ್ಕೆ ಒಂದು ಕಾರಣ ಇಲ್ಲೇ ಇದೆ. ಒಂದೊಂದು ಕಾರ್ಖಾನೆಯ ಅಚ್ಚಿನಲ್ಲೂ ತೋಡಿನ ಆಳ, ಅಂಚಿನ ಎತ್ತರ ಕೂದಲೆಳೆಯಷ್ಟು ಬೇರೆ. ಒಡೆದ ಹಂಚಿನ ಜಾಗಕ್ಕೆ ಸಿಕ್ಕಿದ್ದನ್ನು ತುರುಕಿದರೆ ಅದು ಪಕ್ಕದ ಹಂಚಿನ ಮೇಲೆ ಸರಿಯಾಗಿ ಕೂರುವುದಿಲ್ಲ. ಪಡುಗಾಳಿ ಬೀಸಿದಾಗ ನೀರು ಆ ಸಂದಿಯಲ್ಲಿ ಮೇಲಕ್ಕೆ ಹತ್ತಿ ಒಳಗೆ ಇಳಿಯುತ್ತದೆ.

ಒಳಗೆ ಬಂದರೆ ಮುಂದಿನ ಮೂರು ಸಾಲು ಬೆಂಚುಗಳ ಹತ್ತಿರ ನಿಲ್ಲಿ. ಹಿಂದಿನವು ಮಾಮೂಲಿ ಎತ್ತರದವು, ಒಂದೂವರೆ ಅಡಿ. ಮುಂದಿನವು ಬರೀ ಹನ್ನೊಂದು ಇಂಚು. ಐದಾರು ವರ್ಷದ ಮಕ್ಕಳ ಕಾಲು ನೆಲಕ್ಕೆ ಮುಟ್ಟಲಿ ಎಂದು ಆಚಾರಿ ಅಳತೆ ಹಿಡಿದು ಮಾಡಿದ ಬೆಂಚುಗಳು. ಅವುಗಳ ಕೆಳಗಿನ ಅಡ್ಡಪಟ್ಟಿಯ ಮೇಲೆ ಕೈಯಾಡಿಸಿ ನೋಡಿ, ಕಾಲಿಟ್ಟು ಇಟ್ಟು ನಡುನಡುವೆ ಬಟ್ಟಲಿನಂತೆ ಸವೆದಿದೆ. ಈ ಬೆಂಚುಗಳಿಗೆ ಎನಾಮಲ್ ಬಣ್ಣ ಬಳಿಸಿಕೊಡುತ್ತೇವೆಂದು ಹಲವರು ಪ್ರೀತಿಯಿಂದ ಮುಂದೆ ಬಂದರು. ದಯವಿಟ್ಟು ಬೇಡ. ಆ ಸವೆತ ಬಣ್ಣದ ಅಡಿಯಲ್ಲಿ ಹೂತುಹೋಗುವುದು ನಮಗೆ ಇಷ್ಟವಿಲ್ಲ. ಒರಲೆ ಹಿಡಿದ ಕಾಲುಗಳನ್ನು ಮಾತ್ರ ಬದಲಿಸಿ ಅಗಸೆ ಎಣ್ಣೆ ಹಚ್ಚುತ್ತೇವೆ, ಅಷ್ಟು ಸಾಕು.

ಇನ್ನು ಕೆಲಸದ ಲೆಕ್ಕ. ಚಾಪೆಲ್ 60 ಅಡಿ ಉದ್ದ, 28 ಅಡಿ ಅಗಲ. ಇಳಿಜಾರು, ಚಾಚು ಎಲ್ಲ ಸೇರಿ ಮಾಡಿನ ವಿಸ್ತೀರ್ಣ ಸುಮಾರು 2,700 ಚದರಡಿ, ಅಂದರೆ 27 ಚದರ (ನೂರು ಚದರಡಿಗೆ ಒಂದು ಚದರ). ಒಂದು ಚದರಕ್ಕೆ, ಒಡೆಯುವುದನ್ನೂ ಲೆಕ್ಕ ಹಿಡಿದರೆ, 150 ಹಂಚು ಬೇಕು. ಹಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ನೂರು ಅಡಿ. ಒಟ್ಟಿಗೆ ನಾಲ್ಕು ಸಾವಿರ ಹಂಚು, ನೆತ್ತಿಗೆ ಐವತ್ತಕ್ಕೂ ಮೇಲೆ ಮೂಲೆ ಹಂಚು. ಹಳೆಯ ಹಂಚುಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇವೆ. ಗಂಟೆಯಂತೆ ಠಣ್ ಎಂದರೆ ಅದು ಇನ್ನೂ ಎಷ್ಟೋ ಮಳೆಗಾಲ ಬಾಳುತ್ತದೆ. ಸದ್ದು ಮಂಕಾಗಿದ್ದರೆ ಒಳಗೆ ಬಿರುಕಿದೆ ಎಂದೇ ಅರ್ಥ, ಕಣ್ಣಿಗೆ ಕಾಣದಿದ್ದರೂ. ಗಟ್ಟಿ ಹಳೆಯ ಹಂಚೆಲ್ಲ ಮೂಡಣ ಮಾಡಿಗೆ, ಒಂದೇ ಅಚ್ಚಿನವು ಒಂದೇ ಕಡೆ ಬರುವಂತೆ. ಗಾಳಿಮಳೆಯ ಹೊಡೆತ ತಿನ್ನುವ ಪಡುವಣ ಮಾಡಿಗೆ ಎಲ್ಲವೂ ಒಂದೇ ಕಾರ್ಖಾನೆಯ ಹೊಸ ಹಂಚು. ಹಂಚು ಕೈಗೆ ಬಂದ ಮೇಲೆಯೇ ರೀಪು ಹೊಡೆಸುತ್ತೇವೆ. ಮೊದಲೇ ಹೊಡೆಸಿದರೆ ಹಂಚಿನ ಹಿಂಬದಿಯ ಮೂಗು ರೀಪಿಗೆ ಸರಿಯಾಗಿ ಸಿಕ್ಕದೆ ಇಡೀ ಸಾಲು ಜಾರುತ್ತದೆ.

ಮರದ ಕೆಲಸ ಇದಕ್ಕಿಂತ ಸೂಕ್ಷ್ಮ. ಪಕ್ಕಾಸುಗಳು (ಮಾಡನ್ನು ಹೊರುವ ಓರೆ ತೊಲೆಗಳು) ಕಿರಾಲ್‌ಭೋಗಿ ಮರದವು, ನಡುಭಾಗ ಇಂದಿಗೂ ಕಬ್ಬಿಣದಂತಿದೆ. ಕೆಟ್ಟಿರುವುದು ಗೋಡೆಯ ಮೇಲೆ ಕೂರುವ ಬುಡ. ಸೋರಿದ ನೀರು ಪಕ್ಕಾಸಿನ ಗುಂಟ ಇಳಿದು ಅಲ್ಲೇ ನಿಲ್ಲುತ್ತದೆ, ಹಿಂದೆಯೇ ಒರಲೆ ಬರುತ್ತದೆ. ಇಡೀ ಪಕ್ಕಾಸು ಬಿಸಾಡುವ ಅಗತ್ಯವಿಲ್ಲ. ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೆ ಓರೆಯಾಗಿ ಕತ್ತರಿಸಿ, ಪಕ್ಕಾಸಿನ ದಪ್ಪದ ಮೂರರಷ್ಟಕ್ಕೆ ಕಡಿಮೆಯಾಗದಷ್ಟು ಉದ್ದದ ಜೋಡಣೆ ಕೊಟ್ಟು ಅದೇ ಜಾತಿಯ ಹಳೆ ಮರ ಸೇರಿಸಬೇಕು. ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ಕಡಲ ಗಾಳಿಗೆ ಸಾದಾ ಕಬ್ಬಿಣ ತುಕ್ಕು ಹಿಡಿದು ಊದಿಕೊಂಡು ಮರವನ್ನೇ ಸೀಳುತ್ತದೆ.

‘ಇಷ್ಟೆಲ್ಲ ಯಾಕೆ, ಶೀಟು ಹಾಕಿಬಿಡಿ’ ಎಂದು ಹೇಳುವವರಿದ್ದಾರೆ. ಖರ್ಚು ಕಡಿಮೆ ಎಂಬುದು ನಿಜ. ಆದರೆ ಶೀಟಿನಡಿ ಮಧ್ಯಾಹ್ನದ ಸೆಕೆ ತಡೆಯುವುದಿಲ್ಲ, ಆಟಿ ತಿಂಗಳ ಮಳೆಯಲ್ಲಿ ಪಾದ್ರಿಯ ಪ್ರಸಂಗದ ಒಂದು ಮಾತೂ ಕೇಳಿಸುವುದಿಲ್ಲ. ಹಂಚಿನ ಸಂದಿಗಳಲ್ಲಿ ಮಾಡು ಉಸಿರಾಡುತ್ತದೆ, ಮರ ಒಣಗಿರುತ್ತದೆ. ಹಂಚಿನ ನಾಡಿನಲ್ಲಿ, ಹಂಚು ತಯಾರಿಸಿದವರೇ ಕಟ್ಟಿದ ಚಾಪೆಲ್‌ಗೆ ಶೀಟು ಹಾಕುವ ಯೋಚನೆ ನಮ್ಮ ಸಮಿತಿಯಲ್ಲಿ ಯಾರಿಗೂ ಇಲ್ಲ.

ಗೋಡೆಯ ತೊಂದರೆ ಮನುಷ್ಯರೇ ಮಾಡಿದ್ದು. ಗೋಡೆ ಕೆಂಪು ಕಲ್ಲಿನದು, ನೆಲದ ತೇವವನ್ನು ಮೇಲಕ್ಕೆ ಎಳೆದುಕೊಳ್ಳುವುದು ಅದರ ಗುಣ. ಹಳೆಯ ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತಿತ್ತು. ಹಿಂದಿನ ಒಂದು ದುರಸ್ತಿಯಲ್ಲಿ ಕೆಳಗಿನ ನಾಲ್ಕು ಅಡಿಗೆ ಸಿಮೆಂಟು ಬಳಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ದಾರಿ ಕಟ್ಟಿದ ತೇವ ಈಗ ಆರಡಿಯವರೆಗೆ ಹತ್ತಿದೆ, ಸಿಮೆಂಟಿನ ಹಿಂದೆ ಉಪ್ಪು ಕಟ್ಟಿ ಕಲ್ಲು ಹುಡಿಯಾಗುತ್ತಿದೆ. ಸಿಮೆಂಟನ್ನು ಮಳೆ ನಿಂತ ಕೂಡಲೇ ಸಣ್ಣ ಉಳಿಯಿಂದ ಬಿಡಿಸಿ, ಒಂದು ಬೇಸಗೆಯಿಡೀ ಗೋಡೆಯನ್ನು ಬರಿಮೈಯಲ್ಲಿ ಒಣಗಲು ಬಿಡಬೇಕು. ಹಾಗಾಗಿ ಗಾರೆ ಮುಂದಿನ ವರ್ಷದ ಕೆಲಸ. ಆದರೆ ಸುಣ್ಣವನ್ನು ಈಗಲೇ ಹೊಂಡದಲ್ಲಿ ನೆನೆಹಾಕುತ್ತೇವೆ, ನೆನೆದಷ್ಟೂ ಬೆಣ್ಣೆಯಂತಾಗುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಹೊಳೆ ಮರಳು. ಕಡಲ ಮರಳು ಕೂಡದು, ಉಪ್ಪಿನ ಕಾಟ ಮತ್ತೆ ಶುರುವಾಗುತ್ತದೆ. ತೇವ ಜಾಸ್ತಿ ಇರುವ ಕಡೆ ಮರಳಿನ ಒಂದಂಶದ ಬದಲು ಇಟ್ಟಿಗೆ ಹುಡಿ. ಅರ್ಧ ಇಂಚಿಗಿಂತ ದಪ್ಪ ಬಳಿಯದೆ, ಒಂದು ಪದರ ಬಿಗಿದ ಮೇಲೆ ಇನ್ನೊಂದು. ಹತ್ತು ದಿನ ಒದ್ದೆ ಗೋಣಿ ಹೊದಿಸಿ ನೆರಳಲ್ಲಿ ಇಡದಿದ್ದರೆ ಸುಣ್ಣ ಹುಡಿಹುಡಿಯಾಗಿ ಉದುರುತ್ತದೆ.

ಮಾಡಿನ ಕೆಲಸಕ್ಕೆ ಜನವರಿಯಿಂದ ಏಪ್ರಿಲ್ ಕೊನೆಯವರೆಗೆ ಮಾತ್ರ ಅವಕಾಶ. ಮೇ ತಿಂಗಳ ಗುಡುಗು ಮಳೆ ಹೇಳಿ ಬರುವುದಿಲ್ಲ, ಜೂನ್ ಮೊದಲ ವಾರಕ್ಕೆ ಮುಂಗಾರು ಹಿಡಿದರೆ ತೆರೆದ ಮಾಡನ್ನು ಟಾರ್ಪಾಲು ಕಾಪಾಡದು. ಆದ್ದರಿಂದ ಹಂಚು, ಮರ ಎರಡೂ ಡಿಸೆಂಬರ್ ಒಳಗೆ ಅಂಗಳಕ್ಕೆ ಬಂದಿರಬೇಕು. ಈಗಲೇ ಕೈಚಾಚುತ್ತಿರುವುದು ಅದಕ್ಕಾಗಿ.

ನಾವು ಕೇಳುವುದು ಚದರದ ಲೆಕ್ಕದಲ್ಲಿ. ಒಂದು ಚದರದ ಹಂಚು, ರೀಪು, ಕೂಲಿ ಸೇರಿ ಆಗುವ ಖರ್ಚನ್ನು ಆ ತಿಂಗಳ ದರದಂತೆ ಚಾಪೆಲ್ ಬಾಗಿಲಲ್ಲಿ ಬರೆದು ಹಚ್ಚಿರುತ್ತೇವೆ. ಒಂದು ಕುಟುಂಬ ಒಂದು ಚದರ ವಹಿಸಿಕೊಳ್ಳಬಹುದು, ನಾಲ್ಕು ಮನೆಯವರು ಕೂಡಿ ಒಂದನ್ನು ಹೊರಬಹುದು. ಹತ್ತು ಹಂಚಿನ ಹಣ ಕೊಟ್ಟರೂ ರಶೀದಿ ಇದೆ.

ಹಳೇ ಮನೆ ಕೆಡಹುವವರಲ್ಲಿ ನಮ್ಮದೊಂದು ವಿಶೇಷ ಬೇಡಿಕೆ. ಬಾಸೆಲ್ ಮಿಷನ್ ಅಚ್ಚಿನ ಹಂಚು, ಮೂಲೆ ಹಂಚು, ಗಾಜಿನ ಹಂಚು, ಭೋಗಿ ಮರದ ಪಕ್ಕಾಸು ಇದ್ದರೆ ಗುಜರಿಗೆ ಹಾಕುವ ಮೊದಲು ನಮಗೆ ತಿಳಿಸಿ. ನಮ್ಮ ಜನ ಬಂದು ಕೈಯಲ್ಲೇ ಇಳಿಸಿಕೊಳ್ಳುತ್ತಾರೆ. ಟಿಪ್ಪರ್‌ನಲ್ಲಿ ಸುರಿದು ತಂದರೆ ಅರ್ಧಕ್ಕರ್ಧ ಒಡೆಯುತ್ತವೆ. ಲಾರಿಯಲ್ಲಿ ಬೈಹುಲ್ಲು ಹಾಸಿ, ಹಂಚನ್ನು ಮಲಗಿಸದೆ ನಿಲ್ಲಿಸಿ ಒತ್ತೊತ್ತಾಗಿ ಜೋಡಿಸಬೇಕು.

ಹಣ ಕೊಡುವವರಿಗೆ ಎರಡು ವಿಷಯ ಮೊದಲೇ ಹೇಳಿಬಿಡುತ್ತೇವೆ. ಈ ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಇಲ್ಲ. ವಿದೇಶದಲ್ಲಿರುವವರಲ್ಲಿ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ, ಅವರು ಇದೇ ಸಭೆಯಲ್ಲಿ ದೀಕ್ಷಾಸ್ನಾನ ಪಡೆದವರಾಗಿದ್ದರೂ, ನಾವು ಹಣ ಪಡೆಯುವಂತಿಲ್ಲ. ವಿದೇಶಿ ವಂತಿಗೆ ಕಾಯ್ದೆಯ ನೋಂದಣಿ ನಮಗಿಲ್ಲ.

ಆದರೆ ಅವರಿಂದಲೂ ಒಂದು ನೆರವು ಬೇಕಾಗಿದೆ. ಬಾಸೆಲ್ ಮಿಷನ್ನಿನ ಕೆಲಸ ಮುಂದುವರಿಸುತ್ತಿರುವ ಬಾಸೆಲ್ ನಗರದ ಸಂಸ್ಥೆ ಮಿಷನ್ 21ರ ಸಂಗ್ರಹದಲ್ಲೂ ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹದಲ್ಲೂ ಆ ಕಾಲದ ಚಿತ್ರಗಳಿವೆ, ಅಲ್ಲಿ ನಾವು ಹುಡುಕುತ್ತೇವೆ. ಮನೆಗಳ ಪೆಟ್ಟಿಗೆಯಲ್ಲಿರುವುದು ನಮ್ಮ ಕೈಗೆ ಸಿಗದು. ನಿಮ್ಮ ಅಜ್ಜಿಯೋ ಮುತ್ತಜ್ಜನೋ ಈ ಅನಾಥಾಲಯದಲ್ಲಿ ಬೆಳೆದವರಾಗಿದ್ದರೆ ಅವರ ಹೆಸರು, ಇದ್ದರೆ ಒಂದು ಫೋಟೊ ಕಳುಹಿಸಿ. ಫೋಟೊವನ್ನು ಗಾಜಿನಿಂದ ಕಿತ್ತು ತೆಗೆಯಬೇಡಿ, ಅಂಟಿಕೊಂಡ ಪದರ ಕಿತ್ತುಬರುತ್ತದೆ. ಚೌಕಟ್ಟು ಸಮೇತ ಕಿಟಕಿಯ ಬೆಳಕಿನಲ್ಲಿ, ಫ್ಲಾಷ್ ಇಲ್ಲದೆ, ತುಸು ಓರೆಯಾಗಿ ಮೊಬೈಲಿನಲ್ಲಿ ತೆಗೆದರೆ ಸಾಕು. ಬಂದ ಹೆಸರುಗಳನ್ನು ಮುಂದಿನ ಮೂರು ಸಾಲು ಬೆಂಚುಗಳ ಪಕ್ಕದ ಗೋಡೆಗೆ ಹಲಗೆಯ ಮೇಲೆ ಬರೆಸುತ್ತೇವೆ, ಗಾರೆ ಒಣಗಿದ ಮೇಲೆ.

ಇತಿ,
ಚಾಪೆಲ್ ದುರಸ್ತಿ ಸಮಿತಿಯವರು