ಅಪ್ಪನ ಕಾಲು ತೋರಿಸಿದ ಮೇಲೆ ನಾನು ನೀರಿಗಿಳಿಯುತ್ತೇನೆ

ದೆನ್ಪಸಾರ್, ಬಾಲಿ
ಮಂಗಳವಾರ ರಾತ್ರಿ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಜ್ಜಿಗೆ, ಸಾವಿತ್ರತ್ತೆಗೆ ನಮಸ್ಕಾರ ಹೇಳು. ಇದನ್ನು ರಘುವೇ ಅಪ್ಪನ ಎದುರಿಗೆ ಓದಲಿ. ಎಲ್ಲೂ ಬಿಡದೆ ಓದಲಿ.

ನಿನ್ನ ಪತ್ರ ಬಂತು. ಎರಡು ಪುಟ ಪೂರ್ತಿ ಸಮುದ್ರದ ಭಯವೇ ಇತ್ತು. ನೀರಿನ ತಳಕ್ಕೆ ಹೋಗಿ ನೋಡುವಂಥದ್ದು ಏನಿದೆ, ಹೆಣ್ಣುಮಗಳಿಗೆ ಯಾಕೆ ಈ ಸಾಹಸ ಅಂತ ಬರೆದಿದ್ದೀಯ. ಕೊನೆಯಲ್ಲಿ ಎರಡೇ ಸಾಲು: "ಅಪ್ಪನ ಕಾಲಿನ ಗಾಯ ಇನ್ನೂ ಮಾಗಿಲ್ಲ. ಅವರಿಗೇನೂ ನೋವಿಲ್ಲವಂತೆ." ಅಮ್ಮಾ, ನನ್ನ ನಿದ್ದೆ ಕೆಟ್ಟಿದ್ದು ಆ ಎರಡು ಸಾಲಿನಿಂದ.

ಮೊದಲು ಸಮುದ್ರದ ಮಾತು ಮುಗಿಸಿಬಿಡುತ್ತೇನೆ. ಇಲ್ಲದಿದ್ದರೆ ನೀನು ಉಳಿದದ್ದಕ್ಕೆ ಕಿವಿ ಕೊಡುವುದಿಲ್ಲ.

ನಾವು ಹೋಗುವುದು ತುಲಾಂಬೆನ್ ಅನ್ನುವ ಊರಿಗೆ. ಬಾಲಿಯ ಈಶಾನ್ಯ ಕರಾವಳಿ, ಅಗುಂಗ್ ಬೆಟ್ಟದ ಬುಡ. ಇಲ್ಲಿಂದ ಕಾರಿನಲ್ಲಿ ಎರಡು, ಎರಡೂವರೆ ಗಂಟೆ. ನೇತ್ರಾಣಿ ದ್ವೀಪಕ್ಕೆ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಬೇಕಲ್ಲ, ಇಲ್ಲಿ ಹಾಗಲ್ಲ. ದೋಣಿಯೇ ಬೇಡ. ಉಸಿರಾಡುವ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ದಡದಿಂದ ನಡೆದೇ ನೀರಿಗೆ ಇಳಿಯುವುದು. ದಡದಿಂದ ಮೂವತ್ತು ನಲವತ್ತು ಮೀಟರ್ ದೂರದಲ್ಲೇ ಒಂದು ದೊಡ್ಡ ಹಡಗು ಮುಳುಗಿ ಮಲಗಿದೆ.

ಅಪ್ಪಾ, ಇದು ನಿಮಗೆ. ಇತಿಹಾಸ ಪಾಠ ಮಾಡಿದವರು ನೀವು. ಹಡಗಿನ ಹೆಸರು ಲಿಬರ್ಟಿ, ಅಮೆರಿಕದ ಸೈನ್ಯದ ಸರಕು ಹಡಗು. ರೈಲಿನ ಬಿಡಿಭಾಗ, ರಬ್ಬರ್ ತುಂಬಿಕೊಂಡು ಆಸ್ಟ್ರೇಲಿಯಾದಿಂದ ಫಿಲಿಪ್ಪೀನ್ಸ್ ಕಡೆಗೆ ಹೊರಟಿತ್ತು. 1942ರ ಜನವರಿ 11ರಂದು ಲೊಂಬೊಕ್ ಜಲಸಂಧಿಯ ಹತ್ತಿರ ಜಪಾನಿನ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಬೇರೆ ಎರಡು ಯುದ್ಧನೌಕೆಗಳು ಅದನ್ನು ಸಿಂಗರಾಜ ಬಂದರಿಗೆ ಎಳೆದೊಯ್ಯಲು ನೋಡಿದವು. ಒಳಗೆ ನೀರು ಜಾಸ್ತಿ ತುಂಬಿದ್ದರಿಂದ ತುಲಾಂಬೆನ್ ದಡಕ್ಕೇ ಹತ್ತಿಸಿಬಿಟ್ಟರು. 21 ವರ್ಷ ದಡದ ಮೇಲೇ ಬಿದ್ದಿತ್ತು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಹಡಗು ಜಾರಿ ನೀರಿಗೆ ಸೇರಿತು. ಈಗ ಅದರ ಮೈತುಂಬ ಹವಳ ಬೆಳೆದಿದೆ. ಉದ್ದ ಸುಮಾರು 120 ಮೀಟರ್. ಒಂದು ಭಾಗ ಐದು ಮೀಟರ್ ಆಳದಲ್ಲೇ ಸಿಗುತ್ತದೆ, ಇನ್ನೊಂದು ಕಡೆ ಮೂವತ್ತರ ಹತ್ತಿರ ಹೋಗುತ್ತದೆ. ನೀವು ಒಮ್ಮೆ ಇಲ್ಲಿಗೆ ಬಂದು ದಡದಲ್ಲಿ ಕೂತಾದರೂ ಇದನ್ನು ನೋಡಬೇಕು ಅಂತ ನನ್ನ ಆಸೆ. ಅಲ್ಲಿ ನಡೆಯುವುದಕ್ಕೆ ಕಾಲು ಗಟ್ಟಿ ಇರಬೇಕು. ಆ ಮಾತಿಗೆ ಆಮೇಲೆ ಬರುತ್ತೇನೆ.

ನನ್ನ ಜೊತೆ ಇಳಿಯುವವಳು ಆಫೀಸಿನ ಮದೆ. ಡೈವಿಂಗ್‌ನಲ್ಲಿ ಜೊತೆಗಾರರನ್ನು ಇಂಗ್ಲಿಷಿನಲ್ಲಿ ಬಡ್ಡಿ (buddy) ಅನ್ನುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಹೋಗುವಂತಿಲ್ಲ. ಕಾಣದೇ ಹೋದರೆ ಒಂದು ನಿಮಿಷ ಹುಡುಕಿ, ಇಬ್ಬರೂ ನಿಧಾನವಾಗಿ ಮೇಲೆ ಬಂದುಬಿಡಬೇಕು. ನಮ್ಮ ಮುಂದೆ ಅಲ್ಲಿಯದೇ ಊರಿನ ಗೈಡ್ ಕೆತುತ್ ಇರುತ್ತಾರೆ. ಇಲ್ಲಿ ಹುಟ್ಟಿದ ಕ್ರಮಕ್ಕೆ ಹೆಸರು, ಗೊತ್ತಾ? ಮೊದಲ ಮಗು ವಯಾನ್, ಎರಡನೆಯದು ಮದೆ, ಮೂರನೆಯದು ಞೊಮಾನ್, ನಾಲ್ಕನೆಯದು ಕೆತುತ್. ಗಂಡಾದರೂ ಹೆಣ್ಣಾದರೂ ಅದೇ. ಹೆಸರು ಹೇಳಿದರೆ ಸಾಕು, ಮನೆಯಲ್ಲಿ ಎಷ್ಟನೆಯವರು ಅಂತ ಸಾಮಾನ್ಯವಾಗಿ ತಿಳಿಯುತ್ತದೆ. ಎದುರು ಸಿಕ್ಕರೆ "ಓಂ ಸ್ವಸ್ತ್ಯಸ್ತು" ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ನಾನು ಎಲ್ಲೋ ಕಾಣದ ಲೋಕದಲ್ಲಿಲ್ಲ ಅಮ್ಮಾ.

ಆ ಊರಿನ ಹೆಂಗಸರನ್ನು ನೀನು ನೋಡಬೇಕು. ಒಂದೊಂದು ಸಿಲಿಂಡರ್ ಹದಿನೈದು ಕೆಜಿಗೂ ಜಾಸ್ತಿ. ಅದನ್ನು ತಲೆಯ ಮೇಲೆ ಹೊತ್ತು, ಕಲ್ಲಿನ ದಡದಲ್ಲಿ ಕೊಡ ಹೊತ್ತ ಹಾಗೆ ಸಲೀಸಾಗಿ ನಡೆಯುತ್ತಾರೆ. ಕೆಲವರು ಎರಡೆರಡು ಹೊರುತ್ತಾರೆ. ಹೆಣ್ಣುಮಗಳಿಗೆ ಯಾಕೆ ಅಂತ ನೀನು ಬರೆದದ್ದು ಓದಿದಾಗ ನನಗೆ ಅವರೇ ನೆನಪಾದರು.

ಇನ್ನು ನಮ್ಮ ಯೋಜನೆ. ಶನಿವಾರ ರಾತ್ರಿ ಅಲ್ಲೇ ಉಳಿಯುತ್ತೇವೆ. ಭಾನುವಾರ ಬೆಳಕು ಹರಿಯುತ್ತಲೇ ದಡಕ್ಕೆ ಹೋಗುತ್ತೇವೆ. ಆಗ ಜನ ಕಮ್ಮಿ, ತಲೆಯ ಮೇಲೆ ದೊಡ್ಡ ಉಬ್ಬಿರುವ ಗಿಳಿಮೀನುಗಳ ಹಿಂಡು ಹಡಗಿನ ಹತ್ತಿರವೇ ಇರುತ್ತದೆ. ದೊಡ್ಡವು ಒಂದು ಮೀಟರ್ ಉದ್ದ ಇರುತ್ತವೆ. ಹೋದ ತಕ್ಷಣ ನೀರಿಗೆ ಹಾರುವುದಿಲ್ಲ. ಹತ್ತು ನಿಮಿಷ ಸುಮ್ನೆ ನಿಂತು ಅಲೆ ನೋಡುತ್ತೇವೆ. ದಡದಿಂದ ಇಳಿಯುವಾಗ ಕಷ್ಟ ಇರುವುದು ಆಳದಲ್ಲಲ್ಲ, ಮೊಣಕಾಲುದ್ದದ ನೀರಿನಲ್ಲಿ. ಅಲ್ಲಿನ ದಡ ಮರಳಲ್ಲ, ಕಪ್ಪು ಉರುಟು ಕಲ್ಲು. ಅಲೆ ಜೋರಿದ್ದರೆ ಕಲ್ಲು ಕಾಲಡಿಯಲ್ಲೇ ಉರುಳುತ್ತದೆ. ಅಂಥ ದಿನ ಇಳಿಯುವುದೇ ಇಲ್ಲ, ವಾಪಸ್. ಅಲೆ ಸಣ್ಣದಿದ್ದರೆ ಮದೆ ಮತ್ತು ನಾನು ಕೈ ಹಿಡಿದುಕೊಂಡು ಸೊಂಟದವರೆಗೆ ಹೋಗಿ, ಅಲ್ಲೇ ಕಾಲಿಗೆ ಈಜುವ ರೆಕ್ಕೆ, ಅಂದರೆ ಫಿನ್ಸ್, ಹಾಕಿಕೊಂಡು ತೇಲುತ್ತೇವೆ.

ನನ್ನ ಸರ್ಟಿಫಿಕೇಟಿಗೆ 18 ಮೀಟರ್ ಮಿತಿ. ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ಇರುತ್ತದೆ. 100 ಆದ ಕೂಡಲೇ ಹಿಂದಿರುಗುವುದು, 50 ಉಳಿದಿರುವಾಗಲೇ ಮೇಲೆ ಇರುವುದು. ಆಳ ಹೋದ ಹಾಗೆ ಗಾಳಿ ಬೇಗ ಖರ್ಚಾಗುತ್ತದೆ. 20 ಮೀಟರಿನಲ್ಲಿ ಒಂದು ಉಸಿರಿಗೆ ಮೇಲಿನ ಮೂರು ಉಸಿರಿನಷ್ಟು ಬೇಕು. ಅದಕ್ಕೇ ಆಳದ ಭಾಗ ಮೊದಲು, ಆಮೇಲೆ ಮೇಲಿನ ಹವಳ. ಮೇಲೆ ಬರುವ ಮುಂಚೆ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುತ್ತೇವೆ. ಯಾರಿಗಾದರೂ ಮನಸ್ಸು ಒಪ್ಪದಿದ್ದರೆ ಹೆಬ್ಬೆರಳು ಮೇಲೆತ್ತಿದರೆ ಸಾಕು. ನೀರಿನಲ್ಲಿ ಅದರ ಅರ್ಥ "ಮೇಲೆ ಹೋಗೋಣ" ಅಂತ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಒಂದು ಗಂಟೆಗೂ ಜಾಸ್ತಿ ದಡದಲ್ಲಿ ಕೂತು, ಪಕ್ಕದ ಹವಳದ ತೋಟದಲ್ಲಿ ಇನ್ನೊಂದು ಚಿಕ್ಕ ಡೈವ್. ಹತ್ತು ಗಂಟೆಗೆ ಎಲ್ಲ ಮುಗಿಯುತ್ತದೆ. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ನಿಜವಾಗಲೂ ಏನೂ ಇಲ್ಲ.

ಈಗ ಅಪ್ಪನ ಕಾಲು.

ರಘು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಗಾಯದ ಅಂಚು ಕಪ್ಪಾಗಿದೆ. ಮೂರು ವಾರ ಆಯಿತು. ಅಪ್ಪಾ, ನೋವಿಲ್ಲ ಅನ್ನುವುದು ಸಮಾಧಾನದ ಮಾತಲ್ಲ. ಹನ್ನೆರಡು ವರ್ಷದಿಂದ ನಿಮಗೆ ಶುಗರ್ ಇದೆ. ಶುಗರ್ ಇದ್ದವರ ಪಾದದ ನರ ನಿಧಾನವಾಗಿ ಸ್ಪರ್ಶ ಕಳೆದುಕೊಳ್ಳುತ್ತದೆ. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಅಜ್ಜನಿಗೂ ನೋವಿರಲಿಲ್ಲ. ನೋವಿಲ್ಲ, ನೋವಿಲ್ಲ ಅಂತಲೇ ಮಳೆಗಾಲ ಕಳೆದರು. ಆಮೇಲೆ ಎರಡು ಬೆರಳು ತೆಗೆದರು, ಆಮೇಲೆ ಪಾದ. ನಾನು ಆಗ ಆರನೇ ಕ್ಲಾಸು. ಅವರ ಖಾಲಿ ಚಪ್ಪಲಿ ಜಗುಲಿಯ ಮೂಲೆಯಲ್ಲಿ ಎಷ್ಟು ದಿನ ಇತ್ತು ಅಂತ ನಿಮಗೆ ನೆನಪಿದೆ. ನನಗೂ ನೆನಪಿದೆ.

ಇಲ್ಲಿ ಇಪ್ಪತ್ತು ಹೆಜ್ಜೆ ಕಲ್ಲು ದಾಟಲು ನಾನು ದಪ್ಪ ಅಟ್ಟೆಯ ಬೂಟು ಹಾಕಿಕೊಳ್ಳುತ್ತೇನೆ. ನೀವು ಗಾಯ ಇಟ್ಟುಕೊಂಡು ಬರಿಗಾಲಲ್ಲಿ ಒದ್ದೆ ತೋಟಕ್ಕೆ ಹೋಗುತ್ತೀರಿ. ಮೇಲಿಂದ ಅರಿಶಿನ, ಕೊಬ್ಬರಿ ಎಣ್ಣೆ. ಅಮ್ಮಾ, ನೀನು ಸಮುದ್ರಕ್ಕೆ ಹೆದರುವ ಅರ್ಧದಷ್ಟು ಆ ತೋಟಕ್ಕೆ ಹೆದರಿದ್ದರೆ ಸಾಕಿತ್ತು.

ಡೈವಿಂಗ್ ಕಲಿಯುವ ಮುಂಚೆ ನನಗೆ ಒಂದು ಆರೋಗ್ಯದ ಫಾರಂ ಕೊಟ್ಟರು. ಉಬ್ಬಸ, ಹೃದಯ, ಶುಗರ್, ಕಿವಿ, ಎಲ್ಲ ಕೇಳಿದ್ದರು. ಚಿಕ್ಕಂದಿನಲ್ಲಿ ನನಗೆ ಉಬ್ಬಸ ಇತ್ತಲ್ಲ. "ಇಲ್ಲ" ಅಂತ ಗುರುತು ಹಾಕಿದ್ದರೆ ಅವತ್ತೇ ಪಾಠ ಶುರುವಾಗುತ್ತಿತ್ತು. "ಹೌದು" ಅಂತ ಬರೆದೆ. ಡಾಕ್ಟರು ಪರೀಕ್ಷೆ ಮಾಡಿ ಸಹಿ ಹಾಕುವವರೆಗೆ ನೀರಿಗೆ ಇಳಿಸಲಿಲ್ಲ. ಅಪ್ಪಾ, ನೀವೂ ಈ ಸಲ ಡಾಕ್ಟರ ಹತ್ತಿರ "ಏನಿಲ್ಲ, ಸಣ್ಣ ಗಾಯ" ಅನ್ನಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ.

ರಘು, ಕೆಲಸ ನಿನ್ನದು. ಗುರುವಾರ ರಜೆ ಹಾಕು. ಅಪ್ಪನನ್ನು ದೊಡ್ಡಾಸ್ಪತ್ರೆಗೇ ಕರೆದುಕೊಂಡು ಹೋಗು. ಮೂರು ತಿಂಗಳ ಶುಗರ್ ತೋರಿಸುವ ರಕ್ತ ಪರೀಕ್ಷೆ ಮಾಡಿಸು. ಸೋಂಕು ಮೂಳೆಗೆ ಹೋಗಿದೆಯಾ, ಎಕ್ಸ್‌ರೇ ಬೇಕಾ ಅಂತ ಕೇಳು. ಪಾದಕ್ಕೆ ರಕ್ತ ಸರಿಯಾಗಿ ಓಡುತ್ತಿದೆಯಾ ಅಂತಲೂ ಕೇಳು. ಡ್ರೆಸ್ಸಿಂಗ್ ದಿನಾ ಯಾರು ಮಾಡಬೇಕು ಅನ್ನುವುದನ್ನು ಅಲ್ಲೇ ಗೊತ್ತು ಮಾಡಿಕೊಂಡು ಬಾ. ಇನ್ನೊಂದು ಕಾಲಿನ ಅಡಿಯನ್ನೂ ನೋಡಿಸು.

ದುಡ್ಡಿನ ಯೋಚನೆ ಬೇಡ. ಇಲ್ಲಿ ಒಂದು ಲಕ್ಷ ರುಪಿಯಾ ಅಂದರೆ ನಮ್ಮ ಐನೂರು ರೂಪಾಯಿ ಆಸುಪಾಸು, ಅದಕ್ಕೇ ನನ್ನ ಸಂಬಳದ ಅಂಕಿ ಕೇಳಿ ಸಾವಿತ್ರತ್ತೆ ಬೆರಗಾದದ್ದು. ಆದರೂ ಉಳಿಸಿದ್ದೇನೆ. ನಾಳೆಯೇ ಕಳಿಸುತ್ತೇನೆ. ಸಾಲದಿದ್ದರೆ ಹೇಳಿ. ಚಿಕ್ಕಪ್ಪನ ಹತ್ತಿರ ಕೇಳಬೇಡಿ.

ಒಂದು ಮುಖ್ಯ ವಿಷಯ. ಡೈವ್ ಮಾಡಿದ ಮೇಲೆ ತಕ್ಷಣ ವಿಮಾನ ಹತ್ತುವಂತಿಲ್ಲ. ನೀರಿನ ಒತ್ತಡದಲ್ಲಿ ಉಸಿರಾಡಿದ ಸಾರಜನಕ ಮೈಯಲ್ಲಿ ಕರಗಿರುತ್ತದೆ. ವಿಮಾನದೊಳಗೆ ಒತ್ತಡ ಕಮ್ಮಿಯಾದರೆ ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ ಗುಳ್ಳೆ ಏಳಬಹುದು. ಎರಡು ಡೈವ್ ಆದರೆ ಕಡಿಮೆಯೆಂದರೂ 18 ಗಂಟೆ ಕಾಯಬೇಕು. ಬೆಟ್ಟದ ಎತ್ತರದಲ್ಲೂ ಒತ್ತಡ ಕಮ್ಮಿ. ಅದಕ್ಕೇ ವಾಪಸ್ ಬರುವಾಗಲೂ ಕಿಂತಾಮಣಿಯ ಎತ್ತರದ ದಾರಿ ಬಿಟ್ಟು ಸಮುದ್ರದಂಚಿನ ರಸ್ತೆಯಲ್ಲೇ ಬರುತ್ತೇವೆ. ಅಂದರೆ ನಾನು ಭಾನುವಾರ ಹತ್ತಕ್ಕೆ ನೀರಿಂದ ಹೊರಗೆ ಬಂದರೆ, ಮನೆಯಲ್ಲಿ ಏನೇ ಆದರೂ ಸೋಮವಾರ ನಸುಕಿನ ನಾಲ್ಕರವರೆಗೆ ಹೊರಡಲಾರೆ.

ಅದಕ್ಕೇ ಹೀಗೆ ಮಾಡಿದ್ದೇನೆ. ಮದೆಗೂ ಕೆತುತ್‌ಗೂ ಹೇಳಿಯಾಗಿದೆ. ಡಾಕ್ಟರು ಏನಂದರು ಅಂತ ಶನಿವಾರ ರಾತ್ರಿ ನಿಮ್ಮ ಎಂಟು ಗಂಟೆಯೊಳಗೆ ರಘು ನನಗೆ ಹೇಳಬೇಕು. ಇಲ್ಲಿ ಆಗ ಹತ್ತೂವರೆ. ಹೇಳದಿದ್ದರೆ ನಾನು ಇಳಿಯುವುದಿಲ್ಲ. ಆಪರೇಷನ್ ಅಂದರೂ ಇಳಿಯುವುದಿಲ್ಲ, ಭಾನುವಾರದ ವಿಮಾನಕ್ಕೇ ಬರುತ್ತೇನೆ. ಟಿಕೆಟ್ ನೋಡಿಟ್ಟಿದ್ದೇನೆ.

ಬುಧವಾರ ಬೆಳಗ್ಗೆ

ಇಷ್ಟು ಬರೆದು ಮಲಗಿದ್ದೆ. ಈಗ ಓದಿದರೆ ಅಪ್ಪನಿಗೆ ಗದರಿಸಿದ ಹಾಗೆ ಕಾಣುತ್ತದೆ. ಅಪ್ಪಾ, ಬೇಜಾರು ಮಾಡಿಕೊಳ್ಳಬೇಡಿ. ಗುಣವಾಗುತ್ತದೆ. ಖಂಡಿತ ಗುಣವಾಗುತ್ತದೆ. ಬೇಗ ತೋರಿಸಿದರೆ ಏನೂ ಆಗುವುದಿಲ್ಲ. ನನಗೂ ಏನೂ ಆಗುವುದಿಲ್ಲ ಅಮ್ಮಾ. ಊಟ ಸರಿಯಾಗಿ ಮಾಡುತ್ತಿದ್ದೇನೆ, ನಿದ್ದೆಯೂ ಚೆನ್ನಾಗಿ ಬರುತ್ತಿದೆ.

ಅಪ್ಪನಿಗೆ ಮೆತ್ತನೆ ಅಟ್ಟೆಯ ಚಪ್ಪಲಿ ತಾ ರಘು, ಇವತ್ತೇ. ಮನೆಯೊಳಗೂ ಹಾಕಿಕೊಳ್ಳಲಿ, ಅಜ್ಜಿ ಏನೂ ಅನ್ನುವುದಿಲ್ಲ. ಕೆಳಗೆ ಮದೆಯ ಸ್ಕೂಟರ್ ಬಂತು, ಹಾರ್ನ್ ಮಾಡುತ್ತಿದ್ದಾಳೆ. ಉಳಿದದ್ದು ಫೋನಿನಲ್ಲಿ. ಗುರುವಾರ ಮರೆಯಬೇಡಿ.

ನಿಮ್ಮ,
ಸುಮಾ