ಸಂಕಟಕಾಲದ ಬೇಟೆಗೆ ಎಂಥ ಏರ್ ರೈಫಲ್?

ಮಾನ್ಯ ಸಂಪಾದಕರೇ,

ನಿರ್ಜನ ಪ್ರದೇಶದಲ್ಲಿ ಸಿಲುಕಿಕೊಂಡವರು ಬದುಕಿ ಉಳಿಯಲು ಜೊತೆಗಿರಬೇಕಾದ ಸಾಮಗ್ರಿಗಳ ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ನೀರು, ಬೆಂಕಿ, ಆಸರೆಗಳ ಬಗ್ಗೆ ಅದರಲ್ಲಿ ಒಳ್ಳೆಯ ವಿವರಗಳಿದ್ದವು. ಆದರೆ ಮೊಲ, ಪಾರಿವಾಳ, ಅಳಿಲುಗಳಂಥ ಸಣ್ಣ ಬೇಟೆಗೆ, ಮದ್ದಿನ ಬದಲು ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಏರ್ ರೈಫಲ್ ಆರಿಸುವ ವಿಷಯಕ್ಕೆ ಬಂದಾಗ, ಅತಿ ಹೆಚ್ಚು ವೇಗ ಕೊಡುವ ರೈಫಲನ್ನು ಕೊಳ್ಳಬೇಕೆಂಬ ಒಂದೇ ಮಾತಿನಲ್ಲಿ ಅದು ಮುಗಿದುಹೋಯಿತು. ಏರ್ ರೈಫಲ್‌ಗಳನ್ನು ಬಿಚ್ಚಿ, ತೊಳೆದು, ವಾಷರ್ ಬದಲಿಸಿ ಮತ್ತೆ ಜೋಡಿಸುವ ಕೆಲಸವನ್ನು ಬಹುಕಾಲದಿಂದ ಮಾಡಿಕೊಂಡು ಬಂದಿರುವ ನನಗೆ, ಆ ಸಲಹೆಯನ್ನು ನಂಬಿದವರು ಹಸಿವಿನ ಹೊತ್ತಿನಲ್ಲಿ ಬರಿಗೈಯಲ್ಲಿ ನಿಲ್ಲುತ್ತಾರೆಂಬ ಆತಂಕ ಉಂಟಾಗಿದೆ. ಆ ಕಾರಣಕ್ಕೆ ಈ ಪತ್ರ.

ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾಗಿರುವ ವೇಗವನ್ನು ಸಾಮಾನ್ಯವಾಗಿ ಅತ್ಯಂತ ಹಗುರವಾದ ಮಿಶ್ರಲೋಹದ ಗುಂಡು ಬಳಸಿ ಅಳೆದಿರುತ್ತಾರೆ. ಬೇಟೆಗೆ ಬಳಸುವ ಸೀಸದ ಗುಂಡು ಅದೇ ನಳಿಗೆಯಿಂದ ಅಷ್ಟು ವೇಗವಾಗಿ ಹೊರಡುವುದಿಲ್ಲ. ಹೊರಟರೂ ಪ್ರಯೋಜನವಿಲ್ಲ. ಸೊಂಟ ಸಣ್ಣಗಿರುವ ಆ ಗುಂಡು ಶಬ್ದದ ವೇಗವನ್ನು, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು ಸಮೀಪಿಸಿದಾಗ ಗಾಳಿಯಲ್ಲಿ ತೂರಾಡಿ ಗುರಿ ತಪ್ಪುತ್ತದೆ. ಬೇಟೆಗೆ ಮುಖ್ಯವಾದದ್ದು ಗುಂಡಿನ ತೂಕ ಮತ್ತು ವೇಗ ಎರಡೂ ಸೇರಿ ಹುಟ್ಟುವ ಶಕ್ತಿ. ಅರ್ಧ ಗ್ರಾಂಗಿಂತ ಸ್ವಲ್ಪ ಹೆಚ್ಚು ತೂಗುವ 4.5 ಮಿಲಿಮೀಟರ್ ಗುಂಡು ಸೆಕೆಂಡಿಗೆ 240 ಮೀಟರ್ ವೇಗದಲ್ಲಿ ಹೋದರೂ, ಒಂದು ಗ್ರಾಂಗೆ ತುಸು ಕಡಿಮೆ ಇರುವ 5.5 ಮಿಲಿಮೀಟರ್ ಗುಂಡು 183 ಮೀಟರ್ ವೇಗದಲ್ಲಿ ಹೋದರೂ, ಎರಡರ ಶಕ್ತಿಯೂ 15ರಿಂದ 16 ಜೂಲ್‌ಗಳ ನಡುವೆಯೇ ಇರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿಶೇಷ ಪರವಾನಗಿಯಿಲ್ಲದ ಏರ್ ರೈಫಲ್‌ಗೆ ಇರುವ ಮಿತಿಯೂ ಹೆಚ್ಚುಕಡಿಮೆ ಇಷ್ಟೇ, 12 ಅಡಿ-ಪೌಂಡ್. ಅಲ್ಲಿನ ಬೇಟೆಗಾರರು ತಲೆಮಾರುಗಳಿಂದ ಆ ಮಿತಿಯೊಳಗೇ ಮೊಲಗಳನ್ನು ಹೊಡೆಯುತ್ತ ಬಂದಿದ್ದಾರೆ.

ಬಲಕ್ಕಿಂತ ಭರವಸೆ ದೊಡ್ಡದೆಂಬುದಕ್ಕೆ ಇತಿಹಾಸದಲ್ಲೇ ಒಂದು ಪಾಠವಿದೆ. ಜಿರಾರ್ಡೋನಿ ಎಂಬ ಕುಶಲಕರ್ಮಿ ರೂಪಿಸಿದ ಗಾಳಿ ಕೋವಿಯನ್ನು ಆಸ್ಟ್ರಿಯಾದ ಸೈನ್ಯ 1780ರ ಸುಮಾರಿಗೆ ಬಳಕೆಗೆ ತಂದಿತು. ಸಾಮಾನ್ಯ ಸೈನಿಕ ಒಂದೊಂದು ಈಡಿಗೂ ಮದ್ದು ಗಿಡಿಯುತ್ತಿದ್ದ ಆ ಕಾಲದಲ್ಲಿ, ಇದು ಸುಮಾರು 20 ಗುಂಡುಗಳನ್ನು ಒಂದರ ಹಿಂದೊಂದು ಹಾರಿಸುತ್ತಿತ್ತು, ಹೊಗೆಯೂ ಇರಲಿಲ್ಲ. 1804ರಿಂದ 1806ರವರೆಗೆ ಅಮೆರಿಕದ ಪಶ್ಚಿಮ ಭಾಗವನ್ನು ದಾಟಿದ ಲೂಯಿಸ್ ಮತ್ತು ಕ್ಲಾರ್ಕ್ ತಂಡದ ಬಳಿಯೂ ಒಂದು ಗಾಳಿ ಕೋವಿ ಇತ್ತು. ಇಷ್ಟೆಲ್ಲ ಹಿರಿಮೆಯಿದ್ದರೂ ಸೈನ್ಯ ಅದನ್ನು ಕೆಲವೇ ದಶಕಗಳಲ್ಲಿ ಕೈಬಿಟ್ಟಿತು. ಗಾಳಿಯ ಬುರುಡೆಯನ್ನು ತುಂಬಿಸಲು ಸುಮಾರು 1500 ಬಾರಿ ಪಂಪ್ ಹೊಡೆಯಬೇಕಾಗಿತ್ತು, ಚರ್ಮದ ವಾಷರ್‌ಗಳು ಒಣಗಿ ಗಾಳಿ ಸೋರುತ್ತಿತ್ತು, ದುರಸ್ತಿ ಬಲ್ಲವರು ಎಲ್ಲ ಕಡೆ ಸಿಗುತ್ತಿರಲಿಲ್ಲ. ಇಂದು ಏರ್ ರೈಫಲ್ ಕೊಳ್ಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳೂ ಇವೇ: ಇದಕ್ಕೆ ಗಾಳಿ ಎಲ್ಲಿಂದ ಬರುತ್ತದೆ? ಸೋರಿದರೆ ಏನು ಗತಿ? ಯಾರು ಸರಿಪಡಿಸುತ್ತಾರೆ?

ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನೋಡಿದರೆ, ಮೊದಲೇ ಗಾಳಿ ತುಂಬಿಸಿಡುವ ಪಿಸಿಪಿ ರೈಫಲ್ ಸಂಕಟಕಾಲಕ್ಕೆ ನನ್ನ ಆಯ್ಕೆಯಾಗುವುದಿಲ್ಲ. ಅದರ ನಿಖರತೆಗೆ ಸಾಟಿಯಿಲ್ಲ, ಅದು ಭುಜಕ್ಕೆ ಒದೆಯುವುದೂ ಇಲ್ಲ. ಗುರಿ ಸ್ಪರ್ಧೆಗೆ ಹೋಗುವವರಿಗೆ ನಾನೇ ಅದನ್ನು ಸೂಚಿಸುತ್ತೇನೆ. ಆದರೆ ಅದರ ಸಿಲಿಂಡರಿಗೆ ಸಾಮಾನ್ಯವಾಗಿ 200 ಬಾರ್‌ನಷ್ಟು ಒತ್ತಡದ ಗಾಳಿ ಬೇಕು. ಕಾರಿನ ಚಕ್ರದಲ್ಲಿರುವುದು ಎರಡು ಬಾರ್‌ಗಿಂತ ತುಸು ಹೆಚ್ಚು ಎಂಬುದನ್ನು ನೆನೆದರೆ, ಸಾಧಾರಣ ಪಂಪ್ ಅಲ್ಲಿ ಯಾವ ಕೆಲಸಕ್ಕೂ ಬಾರದೆಂಬುದು ತಿಳಿಯುತ್ತದೆ. ಅದಕ್ಕೆಂದೇ ಮಾಡಿದ ಕೈಪಂಪನ್ನೂ ಹೊತ್ತೊಯ್ಯಬೇಕು; ಆ ಪಂಪಿನೊಳಗೆ ಮತ್ತಷ್ಟು ವಾಷರ್‌ಗಳು, ಅವುಗಳಿಗೆ ತೇವದ ಕಾಟ. ಓ-ರಿಂಗ್ ಎಂಬ ಒಂದು ಸಣ್ಣ ರಬ್ಬರ್ ಬಳೆ ಹರಿದರೆ ಬೆಳಗಾಗುವಷ್ಟರಲ್ಲಿ ಸಿಲಿಂಡರ್ ಖಾಲಿ. ಕಾರ್ಬನ್ ಡೈಆಕ್ಸೈಡ್ ಬುಡ್ಡಿಯಿಂದ ನಡೆಯುವ ರೈಫಲ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬುಡ್ಡಿ ಮುಗಿದರೆ ಬೇಟೆ ಮುಗಿಯಿತು. ಜೊತೆಗೆ 20 ಡಿಗ್ರಿ ಉಷ್ಣಾಂಶದಲ್ಲಿ ಸುಮಾರು 57 ಬಾರ್ ಇರುವ ಅದರ ಒತ್ತಡ ಸೊನ್ನೆ ಡಿಗ್ರಿಗೆ ಇಳಿದಾಗ 35ಕ್ಕೆ ಕುಸಿಯುತ್ತದೆ, ಅಂದರೆ ಚಳಿಗಾಲದಲ್ಲಿ ಬೇಟೆ ಅತ್ಯಗತ್ಯವಾದಾಗಲೇ ರೈಫಲ್ ಸೊರಗುತ್ತದೆ.

ಉಳಿಯುವುದು ಸ್ಪ್ರಿಂಗ್ ಪಿಸ್ಟನ್ ರೈಫಲ್. ನಳಿಗೆಯನ್ನು ಬಗ್ಗಿಸಿಯೋ, ಅದರ ಕೆಳಗಿನ ಸನ್ನೆಯನ್ನು ಎಳೆದೋ ಸ್ಪ್ರಿಂಗನ್ನು ಹಿಂದಕ್ಕೆ ಒತ್ತಿ ನಿಲ್ಲಿಸಿದರೆ, ಕುದುರೆ (ಟ್ರಿಗರ್) ಎಳೆದ ಕ್ಷಣದಲ್ಲಿ ಪಿಸ್ಟನ್ ಮುನ್ನುಗ್ಗಿ ಆ ಈಡಿಗೆ ಬೇಕಾದ ಗಾಳಿಯನ್ನು ಅಲ್ಲೇ ಒತ್ತಿ ಕೊಡುತ್ತದೆ. ತೋಳಿನ ಬಲವೊಂದಿದ್ದರೆ ಸಾಕು, ಬುಡ್ಡಿ, ಪಂಪ್, ಮೀಟರ್ ಯಾವುದೂ ಬೇಡ. ಸ್ಪ್ರಿಂಗ್ ಬದಲು ಅನಿಲ ತುಂಬಿದ ಗ್ಯಾಸ್ ಪಿಸ್ಟನ್ ಇರುವ ರೈಫಲ್‌ಗಳೂ ಬಂದಿವೆ. ಅವನ್ನು ಗಂಟೆಗಟ್ಟಲೆ ಎಳೆದಿಟ್ಟು ಕಾದು ಕುಳಿತರೂ ಬಲ ಕುಂದುವುದಿಲ್ಲ ಎಂಬುದು ನಿಜವಾದ ಅನುಕೂಲ. ಸ್ಪ್ರಿಂಗನ್ನು ಹಾಗೆ ಇಟ್ಟರೆ ಅದು ಸಡಿಲಗೊಳ್ಳುತ್ತದೆ. ಆದರೂ ನಾನು ಸ್ಪ್ರಿಂಗನ್ನೇ ನೆಚ್ಚುತ್ತೇನೆ. ಅನಿಲ ಸೋರಿದ ಪಿಸ್ಟನ್ ಒಮ್ಮೆಲೇ ನಿರ್ಜೀವವಾಗುತ್ತದೆ, ಆದರೆ ತುದಿ ಮುರಿದ ಸ್ಪ್ರಿಂಗ್ ಹೊಂದಿದ್ದರೂ ಮಂದಗತಿಯಲ್ಲಿ ಗುಂಡು ಹಾರಿಸುತ್ತಿದ್ದ ರೈಫಲ್‌ಗಳನ್ನು ನಾನು ಎಷ್ಟೋ ಸಲ ಬಿಚ್ಚಿದ್ದೇನೆ. ಮೂರರಿಂದ ಹತ್ತು ಬಾರಿ ಕೈಯಿಂದಲೇ ಪಂಪ್ ಹೊಡೆದು ಹಾರಿಸುವ ರೈಫಲ್ ನನ್ನ ಎರಡನೆಯ ಆಯ್ಕೆ. ಅದೂ ಸ್ವಾವಲಂಬಿಯೇ, ಆದರೆ ಮೊದಲ ಈಡು ತಪ್ಪಿದಾಗ ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಮೊಲ ಬಿಲ ಸೇರಿರುತ್ತದೆ.

ಸ್ಪ್ರಿಂಗ್ ರೈಫಲ್‌ಗಳಲ್ಲೂ ಅತಿ ಬಲಿಷ್ಠವಾದುದನ್ನು ಬಯಸುವುದು ತಪ್ಪು. ಸ್ಪ್ರಿಂಗ್ ಗಡಸಾದಷ್ಟೂ ಎಳೆಯಲು ತ್ರಾಸ, ಒದೆತ ಜೋರು, ಗುರಿ ಕಷ್ಟ. ಈ ರೈಫಲ್ ಮೊದಲು ಹಿಂದಕ್ಕೆ, ಮರುಕ್ಷಣ ಮುಂದಕ್ಕೆ ಎರಡೂ ಕಡೆ ಒದೆಯುವುದರಿಂದ, ಅದಕ್ಕೆಂದು ತಯಾರಾಗದ, ಗುರಿ ನೋಡುವ ದೂರದರ್ಶಕ ಕೆಲವೇ ದಿನಗಳಲ್ಲಿ ಹಾಳಾಗುತ್ತದೆ. ಆದ್ದರಿಂದ ದೂರದರ್ಶಕ ಇರಲಿ, ಬಿಡಲಿ, ನಳಿಗೆಯ ಮೇಲೆ ಗುರಿ ಹಿಡಿಯಲು ಲೋಹದ ತೆರೆದ ನೋಟಗಳು (ಸೈಟ್‌ಗಳು) ಇರಲೇಬೇಕು. ಒದೆತದ ಕಾರಣದಿಂದಲೇ ಇದನ್ನು ಬಿಗಿಯಾಗಿ ಅಮುಕಿ ಹಿಡಿಯಬಾರದು. ತೆರೆದ ಅಂಗೈ ಮೇಲೆ ಹಗುರವಾಗಿ ಇರಿಸಿ, ಪ್ರತಿ ಸಲವೂ ಒಂದೇ ರೀತಿ ಹಿಡಿದರೆ ಗುಂಡುಗಳು ಒಂದೇ ಕಡೆ ಬೀಳುತ್ತವೆ. ‘ನಳಿಗೆ ಸೊಟ್ಟಗಿದೆ’ ಎಂದು ನನ್ನ ಬಳಿಗೆ ಬಂದ ರೈಫಲ್‌ಗಳಲ್ಲಿ ಹೆಚ್ಚಿನವಕ್ಕೆ ಇದ್ದ ತೊಂದರೆ ಮರದ ಹಿಡಿಯ ಸ್ಕ್ರೂಗಳು ಸಡಿಲವಾದದ್ದು ಮಾತ್ರ. ಒಂದು ಸ್ಕ್ರೂಡ್ರೈವರ್, ನಳಿಗೆಯ ಬುಡಕ್ಕೆ ಕೂರುವ ಎರಡು ವಾಷರ್, ಸಾಧ್ಯವಾದರೆ ಒಂದು ಸ್ಪ್ರಿಂಗ್ ಮತ್ತು ಪಿಸ್ಟನ್ ವಾಷರ್ ಜೊತೆಗಿದ್ದರೆ ಆ ರೈಫಲ್ ಬಹುಕಾಲ ನಡೆಯುತ್ತದೆ. ಬುಡದ ವಾಷರ್ ಸೋರುತ್ತಿದೆಯೇ ಎಂದು ತಿಳಿಯಲು ಆ ಸಂದಿಯ ಮೇಲೆ ತೆಳುವಾದ ಕಾಗದದ ಚೂರು ಇಟ್ಟು, ಗುಂಡು ತುಂಬಿ ಹಾರಿಸಿ ನೋಡಬೇಕು. ಕಾಗದ ಹಾರಿದರೆ ವಾಷರ್ ಬದಲಿಸಬೇಕು. ಗುಂಡಿಲ್ಲದೆ ಹಾರಿಸುವುದು, ಗಾಳಿ ಒತ್ತುವ ಕೊಳವೆಯೊಳಗೆ ಸಿಕ್ಕಸಿಕ್ಕ ಎಣ್ಣೆ ಬಿಡುವುದು, ಇವೆರಡೂ ಸ್ಪ್ರಿಂಗ್ ಮತ್ತು ವಾಷರ್‌ಗಳನ್ನು ಬಲುಬೇಗ ಕೊಲ್ಲುತ್ತವೆ. ಆ ಎಣ್ಣೆ ಒತ್ತಡದ ಬಿಸಿಗೆ ಡೀಸೆಲ್ ಎಂಜಿನ್ನಿನಲ್ಲಿ ಹೊತ್ತುವಂತೆ ಹೊತ್ತಿಕೊಳ್ಳುತ್ತದೆ.

ಗಾತ್ರದ ಚರ್ಚೆ ಎಂದಿಗೂ ಮುಗಿಯುವಂಥದ್ದಲ್ಲ. 4.5 ಮಿಲಿಮೀಟರ್ ಗುಂಡು ನೇರವಾಗಿ ಹೋಗುವುದರಿಂದ ದೂರದ ಅಂದಾಜು ಸ್ವಲ್ಪ ತಪ್ಪಿದರೂ ಗುರಿ ಸಿಗುತ್ತದೆ. 500 ಗುಂಡುಗಳ ಡಬ್ಬಿಯ ಗುಂಡುಗಳು ಕಾಲು ಕಿಲೋಗಿಂತ ತುಸು ಹೆಚ್ಚಷ್ಟೇ ತೂಗುತ್ತವೆ. 5.5ರ ಗುಂಡು ಬಾಗಿ ಇಳಿಯುತ್ತದೆ, ಅಷ್ಟೇ ಗುಂಡುಗಳು ಅರ್ಧ ಕಿಲೋದ ಸಮೀಪ ಬರುತ್ತವೆ, ಆದರೆ ತಗುಲಿದಲ್ಲಿ ಪ್ರಾಣಿಯನ್ನು ಕೆಡಹುವ ಗುಣ ಅದಕ್ಕೆ ಹೆಚ್ಚು. ಚಳಿಗೆ ಮರಗಟ್ಟಿದ ಬೆರಳುಗಳಿಗೂ ಅದು ಸುಲಭವಾಗಿ ಸಿಗುತ್ತದೆ. ನಾನು 5.5ರ ಕಡೆಯವನು. ಯಾವ ಗಾತ್ರವಾದರೂ ದುಂಡುಮೂತಿಯ ಸೀಸದ ಗುಂಡನ್ನೇ ಆರಿಸಬೇಕು, ಮೂರ್ನಾಲ್ಕು ಬಗೆಯವನ್ನು ಐದೈದು ಹಾರಿಸಿ ತನ್ನ ನಳಿಗೆಗೆ ಯಾವುದು ಒಗ್ಗುತ್ತದೆಂದು ಕಂಡುಕೊಳ್ಳಬೇಕು. ಒಂದೇ ತಯಾರಿಕೆಯ ಎರಡು ರೈಫಲ್‌ಗಳಿಗೂ ಒಂದೇ ಗುಂಡು ಹಿಡಿಸುತ್ತದೆಂಬ ಭರವಸೆ ಇಲ್ಲ.

ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ವಿಷಯ ದೂರದ್ದು. ಮೊಲದ ಮೈಗೆ ಏರ್ ರೈಫಲ್ ಗುಂಡು ಬಿದ್ದರೆ ಅದು ಸಾಯದೆ ಬಿಲ ಸೇರಿ ನರಳುತ್ತದೆ. ಹಸಿದವರಿಗೂ ಅದು ಸಿಗುವುದಿಲ್ಲ. ಕಣ್ಣಿಗೂ ಕಿವಿಗೂ ನಡುವಿನ, 25 ಮಿಲಿಮೀಟರ್ ಅಗಲದ ಜಾಗಕ್ಕೆ ಗುಂಡು ಬೀಳಬೇಕು. ಅಷ್ಟೇ ಅಗಲದ ವೃತ್ತವನ್ನು ಕಾಗದದ ಮೇಲೆ ಬರೆದು, ಮೊಣಕಾಲೂರಿ ಕುಳಿತು, ಗುಂಡುಗಳೆಲ್ಲವನ್ನೂ ಎಷ್ಟು ದೂರದಿಂದ ಅದರೊಳಗೆ ಬೀಳಿಸಬಲ್ಲಿರೋ ಅದೇ ನಿಮ್ಮ ಗಡಿ. ಪಳಗಿದ ಕೈಗೆ ಅದು 30 ಮೀಟರ್ ಇದ್ದೀತು, ಹೊಸಬರಿಗೆ 15. ಅದರಾಚೆಗಿನ ಪ್ರಾಣಿಯನ್ನು ಹಾಗೇ ಬಿಡಬೇಕು. ಗುರಿಯ ಹಿಂದೆ ಮಣ್ಣಿನ ದಿಬ್ಬವಿಲ್ಲದಿದ್ದರೂ ಹೊಡೆಯಬಾರದು. ಕಲ್ಲು ಮತ್ತು ನೀರಿನ ಮೇಲಿಂದ ಗುಂಡು ಪುಟಿಯುತ್ತದೆ. ಬೇಟೆಯ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅನುಮತಿ ಇಲ್ಲದ ಕಡೆ ಇದೇ ರೈಫಲನ್ನು ಡಬ್ಬಿ, ಕಾಗದಗಳ ಮೇಲಿನ ಅಭ್ಯಾಸಕ್ಕೆ ಮೀಸಲಿಡಬೇಕು.

ಬೇಟೆ ಸಿಕ್ಕ ಮೇಲಿನ ಎರಡು ಎಚ್ಚರಿಕೆಗಳನ್ನೂ ಆ ಲೇಖನ ಬಿಟ್ಟಿತ್ತು. ಸೀಸ ವಿಷವಾದ್ದರಿಂದ ಗುಂಡು ಹೊಕ್ಕ ಜಾಗದ ಮಾಂಸವನ್ನು ಅಗಲವಾಗಿ ಕೊಯ್ದು ಎಸೆಯಬೇಕು, ಕೈ ತೊಳೆಯದೆ ಉಣ್ಣಬಾರದು. ಕೆಲವು ಪ್ರದೇಶಗಳ ಮೊಲಗಳಲ್ಲಿ ಟ್ಯುಲರೀಮಿಯಾ ಎಂಬ ರೋಗ ಇರುವುದರಿಂದ ಕೈಗವಸು ಹಾಕಿಯೇ ಚರ್ಮ ಸುಲಿದು, ಮಾಂಸವನ್ನು ಚೆನ್ನಾಗಿ ಬೇಯಿಸಬೇಕು. ಮೊಲದ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ, ವಾರಗಟ್ಟಲೆ ಅದೊಂದನ್ನೇ ತಿಂದವರು ಹೊಟ್ಟೆ ತುಂಬಿದ್ದರೂ ಸೊರಗಿ ಕಾಯಿಲೆ ಬೀಳುತ್ತಾರೆ. ಬೇರೆ ಕಡೆಯಿಂದ ಕೊಬ್ಬು ಇಲ್ಲವೇ ಹಿಟ್ಟಿನ ಆಹಾರ ಸಿಗುವಂತೆ ನೋಡಿಕೊಳ್ಳಬೇಕು.

ಮುಂದೆ ಇಂಥ ಲೇಖನಗಳನ್ನು ಪ್ರಕಟಿಸುವಾಗ ರೈಫಲಿನ ವೇಗವನ್ನು ಕೊಟ್ಟಲ್ಲೆಲ್ಲ, ಅದನ್ನು ಅಳೆಯಲು ಬಳಸಿದ ಗುಂಡಿನ ತೂಕವನ್ನೂ ಪಕ್ಕದಲ್ಲೇ ಅಚ್ಚು ಮಾಡಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ. ಆ ಒಂದು ಅಂಕಿ ಇದ್ದರೆ ಓದುಗರು ಉಳಿದ ಲೆಕ್ಕವನ್ನು ತಾವೇ ಹಾಕಿಕೊಳ್ಳಬಲ್ಲರು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ