ಪುಸ್ತಕ ತಂದುಕೊಟ್ಟವರಿಗೆ

ಮೊನ್ನೆ ಮಂಗಳೂರು–ಮೂಲ್ಕಿ ಬಸ್ಸಿನಲ್ಲಿ ನಾನು ಬಟ್ಟೆಚೀಲ ಮರೆತಿದ್ದೆ. ಒಳಗಿನ ಪುಸ್ತಕದ ಮೇಲಿನ ಮೊಹರು ನೋಡಿ ಅದನ್ನು ನಮ್ಮ ಚರ್ಚಿಗೇ ತಲುಪಿಸಿ, ಹೆಸರೂ ಹೇಳದೆ ಹೋದಿರಿ. ಅದು ಅಪ್ಪನ ಹಾಡಿನ ಪುಸ್ತಕ. ಮಾರನೇ ದಿನ ಅವರನ್ನು ಮಣ್ಣು ಮಾಡುವುದಿತ್ತು.

ಅಪ್ಪ 1971ರ ಯುದ್ಧಕ್ಕೆ ಹೋಗಿ ಬಂದವರು. ಅದರ ಮಾತು ಕಮ್ಮಿ. ಯುದ್ಧ ಮುಗಿದ ದಿನ, ಡಿಸೆಂಬರ್ 16, ಬಂದರೆ ಮಾತ್ರ ಸುಮ್ನೆ ಕೂತು ಹಳೇ ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಆಮೇಲೆ ಅಡಿಕೆ ತೋಟ, ಭಾನುವಾರ ಚರ್ಚಿನ ಹಾಡಿನಲ್ಲಿ ಬೇಸ್, ಅಂದರೆ ತಗ್ಗಿನ ಗಂಡುದನಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಜರ್ಮನ್ ರಾಗ ತಂದರಲ್ಲ, ಅಪ್ಪನಿಗೆ ಅವು ಪಕ್ಕಾ ನಮ್ಮೂರಿನವೇ.

ಪುಟ ತಿರುಗಿಸಿದ್ದರೆ ನಕ್ಕಿರುತ್ತೀರಿ. ಹಾಡಿನ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಅಡಿಕೆಗೆ ಮದ್ದು ಬಿಟ್ಟ ತಾರೀಕು. ‘ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್.’ ಕೊಳೆರೋಗದ ಲೆಕ್ಕ! ಸಭಾಪಾಲಕರ ಪ್ರಸಂಗ ಉದ್ದವಾದಾಗ ಬರೆದದ್ದು ಅಂತ ನನ್ನ ಗುಮಾನಿ.

ಅವರು ಮಡಚಿಟ್ಟ ಪುಟದ ಹಾಡನ್ನೇ ಗುಂಡಿಯ ಹತ್ತಿರ ಹಾಡಿದೆವು. ಮಳೆ ಜೋರಿತ್ತು. ಬೇಸ್ ಹಾಡುವವರು ಇರಲಿಲ್ಲ.

ತುಂಬಾ ಥ್ಯಾಂಕ್ಸ್. ಪುಸ್ತಕ ನೆನೆಯದಂತೆ ನೀವು ಸುತ್ತಿಕೊಟ್ಟ ಪ್ಲಾಸ್ಟಿಕ್ ಕವರನ್ನು ಇನ್ನೂ ಎಸೆದಿಲ್ಲ.